ಎಡಕ್ಕೆ ವಾಲಿದ ಗುಂಗುರು

ನಮ್ಮೂರಿನ ಗಂಡಸರ ತಲೆಗಳ ಜವಾಬ್ದಾರಿ ಇಪ್ಪತ್ತಾರು ವರ್ಷಗಳಿಂದ ನನ್ನದು. ಹೆಸರು ಅಂಬ್ರುಶ್. ತಿಸಾ ನದಿಯ ದಡದ ಈ ಊರಿಗೆ ಇರುವುದು ಒಂದೇ ಕ್ಷೌರದಂಗಡಿ, ಅದೂ ಸಹಕಾರ ಸಂಘದ್ದು. ಅದರ ನಟ್ಟನಡುವೆ ಒಂದು ಕಂದು ಬಣ್ಣದ ಪರದೆ. ಪರದೆಯ ಈಚೆಗೆ ನಾನು, ಗಂಡಸರು, ಒಂದು ಕುರ್ಚಿ ಮತ್ತು ಫುಟ್‌ಬಾಲ್ ಮಾತು. ಆಚೆಗೆ ಎತೆಲ್ಕಾ, ಹೆಂಗಸರು, ತಲೆ ಒಣಗಿಸುವ ಎರಡು ಯಂತ್ರ ಮತ್ತು ಊರಿನ ಉಳಿದೆಲ್ಲ ಮಾತು. ಗಂಡಸು ಪರದೆ ದಾಟುವುದಿಲ್ಲ. ಹಾಗಂತ ಎಲ್ಲೂ ಬೋರ್ಡು ಹಾಕಿಲ್ಲ. ಒಮ್ಮೆ ಕರೆಂಟಿನ ಮೀಟರ್ ಓದಲು ಬಂದವನು ಗೊತ್ತಿಲ್ಲದೆ ದಾಟಿಬಿಟ್ಟ. ಒದ್ದೆ ತಲೆಯ ಏಳು ಹೆಂಗಸರು ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ಮೀಟರನ್ನು ಓದದೆಯೇ ಹೊರಟುಹೋದ.

ವೆಂದೆಲ್ ನನ್ನ ಹಳೆಯ ಗಿರಾಕಿ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರಿಗೆಲ್ಲ ಸ್ಟ್ಯಾಂಪು ಮಾರುವವನು. ಈ ಕಥೆ ನಡೆದಾಗ ನಲವತ್ತನಾಲ್ಕು ವಯಸ್ಸು, ಮದುವೆಯಿಲ್ಲ, ತಾಯಿಯ ಜೊತೆ ವಾಸ. ಅವನ ಕೂದಲಿನ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ. ನೇರ, ತೆಳು, ಚಪ್ಪಟೆ. ಅದನ್ನು ಕತ್ತರಿಸಲು ನನಗೆ ಹನ್ನೊಂದು ನಿಮಿಷ ಬೇಕಿತ್ತು, ಅದರಲ್ಲಿ ಆರು ನಿಮಿಷ ಮಾತಿಗೆ. ಊರಿನ ಕಾಗದಗಳೆಲ್ಲ ಇವನ ಕೈಯ ಮೂಲಕವೇ ಹೋಗುತ್ತವೆ, ಆದರೆ ಊರಿನ ಒಂದು ಸುದ್ದಿಯೂ ಇವನ ತಲೆಗೆ ಹೋಗುವುದಿಲ್ಲ. ಒಳ್ಳೆಯವನು. ಅಷ್ಟು ಒಳ್ಳೆಯವರನ್ನು ಕಂಡರೆ ನನಗೆ ಒಮ್ಮೊಮ್ಮೆ ರೇಗುತ್ತದೆ.

ಇವನಿಗೆ ಎತೆಲ್ಕಾಳ ಮೇಲೆ ಆರು ವರ್ಷಗಳಿಂದ ಮನಸ್ಸಿತ್ತು. ಅವಳ ಗಂಡ ಬಿಟ್ಟುಹೋಗಿ ಆಗ ಹನ್ನೊಂದು ವರ್ಷ, ವಿಚ್ಛೇದನವೂ ಆಗಿತ್ತು. ಪ್ರತಿ ಈಸ್ಟರ್ ಸೋಮವಾರ ಊರಿನ ಗಂಡಸರೆಲ್ಲ ಸೆಂಟು ಬಾಟಲಿ ಹಿಡಿದು ಹೆಂಗಸರ ಮನೆ ಮನೆಗೆ ಹೋಗಿ, ಹೂವು ಬಾಡದಿರಲಿ ಎಂದು ಒಂದು ಪದ್ಯ ಹೇಳಿ, ಅವರ ತಲೆಗೆ ನಾಲ್ಕು ಹನಿ ಚಿಮುಕಿಸಿ, ಬಣ್ಣದ ಮೊಟ್ಟೆ ಇಸಕೊಂಡು ಬರುತ್ತಾರಲ್ಲ, ವೆಂದೆಲ್ ಕೂಡ ಎತೆಲ್ಕಾಳ ಬಾಗಿಲಿಗೆ ಹೋಗುತ್ತಿದ್ದ. ಪದ್ಯ ಹೇಳುತ್ತಿದ್ದ. ಚಿಮುಕಿಸುತ್ತಿದ್ದ. ಆಮೇಲೆ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತನ್ನು ಮೊಟ್ಟೆಯ ಜೊತೆ ಜೇಬಿಗೆ ಹಾಕಿಕೊಂಡು ಮನೆಗೆ ವಾಪಸು ಬರುತ್ತಿದ್ದ. ಆರು ವರ್ಷ, ಆರು ಮೊಟ್ಟೆ.

ಆ ವರ್ಷ ಮಾತ್ರ ಹಾಗೆ ಮಾಡುವಂತಿರಲಿಲ್ಲ. ಬಾಲಾಟನ್ ಸರೋವರದ ದಡದ ಒಂದು ಹೋಟೆಲಿನಲ್ಲಿ ಎತೆಲ್ಕಾಳ ಅಕ್ಕ ಅವಳಿಗೊಂದು ಕೆಲಸ ಗೊತ್ತು ಮಾಡಿದ್ದಳು. ಮೇ ಒಂದಕ್ಕೆ ಹಾಜರಾಗಬೇಕು. ಬರುತ್ತೇನೆಂದು ಅವಳು ಬರೆದ ಕಾಗದಕ್ಕೆ ಸ್ಟ್ಯಾಂಪು ಮಾರಿದ್ದು ವೆಂದೆಲ್, ಮುದ್ರೆ ಒತ್ತಿದ್ದೂ ವೆಂದೆಲ್. ಮುದ್ರೆ ಸರಿಯಾಗಿ ಬಿತ್ತಾ ಎಂದು ಬೆಳಕಿಗೆ ಹಿಡಿದು ನೋಡಿದನಂತೆ. ಇದನ್ನು ನನ್ನ ಕುರ್ಚಿಯಲ್ಲಿ ಕೂತು ಹೇಳುವಾಗ ಅವನ ಕತ್ತು ಎಷ್ಟು ಕುಗ್ಗಿತ್ತೆಂದರೆ ಹಿಂಭಾಗ ಸಮ ಮಾಡಲು ನನಗೆ ಕಷ್ಟವಾಯಿತು.

ಅದೇ ಹೊತ್ತಿಗೆ ಪರದೆಯ ಆಚೆಯಿಂದ ಎತೆಲ್ಕಾಳ ದನಿ ಕೇಳಿಸಿತು. ಕಟುಕನ ಹೆಂಡತಿ ಮಾರ್ಗಿತ್‌ಗೆ ಪತ್ರಿಕೆಯೊಂದನ್ನು ತೋರಿಸುತ್ತಿದ್ದಳು. ಅದರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನ ಚಿತ್ರ. ಆಗ ಆಟಗಾರರೆಲ್ಲ ನೆತ್ತಿಯ ಮೇಲೆ ಹೂಕೋಸು ಬೆಳೆದ ಹಾಗೆ ಗುಂಗುರು ಮಾಡಿಸಿಕೊಳ್ಳುತ್ತಿದ್ದ ಕಾಲ. "ಈ ಗುಂಗುರು ನೋಡ್ರೀ, ಎಷ್ಟು ಚೆಂದ ಇದೆ. ಇಂಥಾದ್ದು ಮನೇಲಿದ್ರೆ ದಿನವಿಡೀ ನೋಡ್ತಾ ಕೂತಿರಬಹುದು," ಅಂದಳು.

ವೆಂದೆಲ್ ಕನ್ನಡಿಯಲ್ಲಿ ತನ್ನ ತಲೆಯನ್ನು ನೋಡಿಕೊಂಡ. ನಾನೂ ನೋಡಿದೆ. ನೀನು ಮಾಡಿಕೊಡ್ತೀಯಾ ಅಂತ ಪಿಸುದನಿಯಲ್ಲಿ ಕೇಳಿದ. ನಾನು ಕತ್ತರಿಸುವವನು ಮಾರಾಯ, ಸುತ್ತುವವನಲ್ಲ ಎಂದೆ. ಎತೆಲ್ಕಾಳನ್ನೇ ಕೇಳು ಎನ್ನಬಹುದಿತ್ತು. ಆದರೆ ಅದಕ್ಕೆ ಪರದೆ ದಾಟಬೇಕು, ಮೇಲಾಗಿ ಮದುವೆಗೆ ಕೇಳಬೇಕಾದ ಹೆಂಗಸಿನ ಮುಂದೆ ತಲೆತುಂಬ ಗುಂಗುರು ಮಾಡುವ ಕಡ್ಡಿ ಸುತ್ತಿಸಿಕೊಂಡು ಎರಡು ಗಂಟೆ ಕೂರಬೇಕು. ಅದಕ್ಕೆ ಎಂಥ ಗಂಡಸಿಗೂ ಧೈರ್ಯ ಬರುವುದಿಲ್ಲ.

ಈಸ್ಟರ್‌ಗೆ ಮುಂಚಿನ ಶನಿವಾರ ಅವನು ರೈಲು ಹತ್ತಿ ಜಿಲ್ಲಾ ಪಟ್ಟಣಕ್ಕೆ ಹೋದ. ನನಗೂ ಹೇಳಲಿಲ್ಲ. ಹಬ್ಬದ ಕ್ಷೌರಕ್ಕೆಂದು ಅವನ ಹನ್ನೊಂದು ನಿಮಿಷವನ್ನು ನಾನು ಎತ್ತಿಟ್ಟು ಕಾದಿದ್ದೆ. ಈ ಮಾತನ್ನು ಇಲ್ಲಿ ಸುಮ್ಮನೆ ಹೇಳುತ್ತಿದ್ದೇನೆ, ಬೇಜಾರೇನಿಲ್ಲ.

ಸಂಜೆಯ ರೈಲಿನಿಂದ ಇಳಿದವನ ತಲೆಯ ಮೇಲೆ ಗುಂಗುರು ಗೋಪುರವಿತ್ತು. ಬದಿಗಳಲ್ಲಿ ಹಳೆಯ ವೆಂದೆಲ್, ಮೇಲೆ ಬೇರೆ ಯಾರೋ. ಇಡೀ ಗೋಪುರ ಗಾಳಿಗೆ ಸಿಕ್ಕಿದ ಹಾಗೆ ಎಡಕ್ಕೆ ವಾಲಿತ್ತು. ನಿಲ್ದಾಣದಲ್ಲಿ ಅವನನ್ನು ಮೊದಲು ಕಂಡದ್ದು ಸಾರ್ಜೆಂಟ್ ಬೋದಿಶ್. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು, ಚರ್ಚಿನಲ್ಲಿ ಒಂದೇ ಸಾಲು. ಆದರೂ ಬೋದಿಶ್ ಕೈಯೆತ್ತಿ ನಿಲ್ಲಿಸಿ ಗುರುತಿನ ಪುಸ್ತಕ ಕೇಳಿದ. ಚಿತ್ರ ನೋಡಿದ, ತಲೆ ನೋಡಿದ, ಮತ್ತೆ ಚಿತ್ರ ನೋಡಿದ.

"ನಾನು ನಿನ್ನ ಗುರುತಿಸ್ತೀನಿ ಕಣೋ ವೆಂದೆಲ್," ಅಂದ. "ಆದ್ರೆ ಪುಸ್ತಕ ಗುರುತಿಸ್ತಾ ಇಲ್ಲ. ಈ ವಾರದೊಳಗೆ ಹೊಸ ಫೋಟೋ ತಂದು ಹಚ್ಚಿಸ್ಕೊ. ಇಲ್ದಿದ್ರೆ ನಾಳೆ ನೀನೇ ಸತ್ತುಹೋದ್ರೆ, ಸತ್ತೋನು ಯಾರು ಅಂತ ನಾನು ಬರೀಲಿ?"

ವೆಂದೆಲ್‌ಗೆ ಇದು ನ್ಯಾಯವಾದ ಮಾತೆಂದೇ ತೋರಿತು.

ಮೂರು ದಿನ ನೀರು ತಾಗಿಸಬಾರದು, ಬಾಚಬಾರದು, ಒತ್ತಬಾರದು ಎಂದು ಪಟ್ಟಣದ ಹೆಂಗಸು ಹೇಳಿ ಕಳಿಸಿದ್ದಳು. ಅವನು ಅದನ್ನು ಸರ್ಕಾರಿ ಸುತ್ತೋಲೆಯಂತೆ ಪಾಲಿಸಿದ. ಆ ರಾತ್ರಿ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದ. ಭಾನುವಾರ ಚರ್ಚಿಗೆ ಹೋಗುವಾಗ ನಾಲ್ಕು ಹನಿ ಬಿದ್ದದ್ದಕ್ಕೆ ತಾಯಿ ಈಸ್ಟರ್ ಮಾಂಸ ಬೇಯಿಸುವ ದೊಡ್ಡ ಪಾತ್ರೆಯನ್ನು ತಲೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಹೋದ. ಪಾದ್ರಿಗಳು ತೀರ್ಥ ಚಿಮುಕಿಸುವಾಗ ಕಂಬದ ಹಿಂದೆ ಸರಿದ. ತೀರ್ಥಕ್ಕೆ ಹೆದರುವವನು ಸೈತಾನ ಒಬ್ಬನೇ ಅಂತ ನಮ್ಮೂರಿಗೆ ಚೆನ್ನಾಗಿ ಗೊತ್ತು. ಮೂವರು ಅಜ್ಜಿಯರು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಅವನ ತಾಯಿ ಮಾತ್ರ ಮಗನ ತಲೆಯನ್ನು ನೋಡಿ ನೋಡಿ, ನಿಮ್ಮಪ್ಪ ಕುರಿ ಸಾಕಬೇಕು ಅಂತ ಬಹಳ ಆಸೆಪಟ್ಟಿದ್ದರು ಎಂದಷ್ಟೇ ಹೇಳಿದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಪ್ಪು ಕೋಟು, ಸೆಂಟು ಬಾಟಲಿ, ಗೋಪುರ ಸಮೇತ ವೆಂದೆಲ್ ಎತೆಲ್ಕಾಳ ಬಾಗಿಲು ತಟ್ಟಿದ. ನಾನು ಬೇಲಿಯ ಹತ್ತಿರ ನನ್ನ ಸರದಿಗೆ ಕಾಯುತ್ತಿದ್ದೆ, ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು. ಎತೆಲ್ಕಾ ಬಾಗಿಲು ತೆಗೆದು ನಕ್ಕಳು. ಆಮೇಲೆ ನಗು ನಿಂತಿತು. ಒಂದು ಹೆಜ್ಜೆ ಮುಂದೆ ಬಂದು, ಅವನ ಮುಖವನ್ನು ಬಿಟ್ಟು ತಲೆಯನ್ನು ಮಾತ್ರ ನೋಡಿದಳು. ಎರಡು ಬೆರಳಲ್ಲಿ ಒಂದು ಸುರುಳಿ ಹಿಡಿದು ಎಳೆದು ಬಿಟ್ಟಳು. ಅದು ಎಡಕ್ಕೆ ಹೋಗಿ ಕೂತಿತು. ಇನ್ನೊಂದು ಎಳೆದಳು. ಅದೂ ಎಡಕ್ಕೇ ಹೋಯಿತು.

"ಎಡಗೈ," ಅಂದಳು ಎತೆಲ್ಕಾ. "ಗಿಜೆಲ್ಲಾ."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಅಕ್ಷರದ ಹಾಗೆ ಕೈಗೂ ಒಂದು ಗುರುತಿರುತ್ತದೆ. ಗಿಜೆಲ್ಲಾ ಮತ್ತು ಎತೆಲ್ಕಾ ಜಿಲ್ಲಾ ಪಟ್ಟಣದಲ್ಲಿ ಒಂದೇ ಗುರುವಿನ ಕೈಕೆಳಗೆ ಕೆಲಸ ಕಲಿತವರು. ಗಿಜೆಲ್ಲಾ ಎಡಗೈಯವಳು, ಅವಳು ಸುತ್ತಿದ ಕೂದಲು ಎಡಕ್ಕೆ ವಾಲುತ್ತದೆ. ಅದಕ್ಕೆ ಹನ್ನೊಂದು ವರ್ಷ ಮುಂಚೆ ಎತೆಲ್ಕಾಳ ಗಂಡನೂ ಅದೇ ಕಡೆಗೆ ವಾಲಿ ಗಿಜೆಲ್ಲಾಳ ಜೊತೆ ಹೊರಟುಹೋಗಿದ್ದ. ಇದು ಊರಿನ ನಾಯಿಗೂ ಗೊತ್ತಿದ್ದ ಸಂಗತಿ. ವೆಂದೆಲ್ ಒಬ್ಬನಿಗೇ ಗೊತ್ತಿರಲಿಲ್ಲ.

ವೆಂದೆಲ್ ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಅಂಚೆಯವನಲ್ಲವೇ, ಕೊಟ್ಟದ್ದನ್ನು ತಲುಪಿಸದೆ ಬಿಡುವವನಲ್ಲ. "ಹೌದು, ಅವರೇ ಮಾಡಿದ್ದು," ಅಂದ ಸಂತೋಷದಿಂದ. "ಯಾರಿಗೋಸ್ಕರ ಅಂತ ಕೇಳಿದ್ರು, ನಿಮ್ಮ ಹೆಸರು ಹೇಳ್ದೆ. ಬಹಳ ನಕ್ಕರು. ನಿಮಗೆ ನಮಸ್ಕಾರ ತಿಳಿಸು ಅಂದಿದ್ದಾರೆ."

ಬಾಗಿಲು ಮುಚ್ಚಿತು. ಸೆಂಟು ಬಾಟಲಿಯ ಮುಚ್ಚಳ ಇನ್ನೂ ತೆರೆದಿರಲಿಲ್ಲ. ನಾನೂ ಆ ದಿನ ಆ ಮನೆಗೆ ಚಿಮುಕಿಸಲು ಹೋಗಲಿಲ್ಲ, ನನಗೂ ಜೀವದ ಆಸೆಯಿದೆ.

ಪಕ್ಕದ ಅಂಗಳದಲ್ಲಿ ಮಾರ್ಗಿತ್ ಕೋಳಿಗೆ ಕಾಳು ಹಾಕುತ್ತಿದ್ದಳು. ಕೋಳಿಗಳಿಗೆ ಆ ದಿನ ಮಿಕ್ಕ ಕಾಳು ಸಿಗಲಿಲ್ಲ, ಏಕೆಂದರೆ ಅವಳು ಬೋಗುಣಿ ಅಲ್ಲೇ ಇಟ್ಟು ಬೀದಿಗೆ ಬಂದಳು. ಹನ್ನೊಂದು ಗಂಟೆಯ ಹೊತ್ತಿಗೆ ವೆಂದೆಲ್‌ಗೆ ಪಟ್ಟಣದಲ್ಲಿ ಒಬ್ಬಳು ಇದ್ದಾಳೆ ಎಂದಾಯಿತು. ಹನ್ನೆರಡಕ್ಕೆ ಅವಳು ಗಿಜೆಲ್ಲಾ ಎಂದಾಯಿತು. ಒಂದು ಗಂಟೆಗೆ ಅವಳು ಎತೆಲ್ಕಾಳ ಗಂಡನನ್ನೂ ಬಿಟ್ಟು ವೆಂದೆಲ್‌ನ ಕೈ ಹಿಡಿದಾಗಿತ್ತು. ಚಿಮುಕಿಸಲು ಹೋದ ಪ್ರತಿ ಮನೆಯಲ್ಲೂ ಒಂದೊಂದು ಗುಟುಕು ಹಣ್ಣಿನ ಸಾರಾಯಿ ಕೊಡುತ್ತಾರೆ. ಹಾಗಾಗಿ ಸುದ್ದಿ ಹೊತ್ತ ಗಂಡಸರೆಲ್ಲ ಮನೆಯಿಂದ ಮನೆಗೆ ಹೋದ ಹಾಗೆ ಉದಾರಿಗಳಾಗುತ್ತಿದ್ದರು. ಮೂರು ಗಂಟೆಗೆ ಗಿಜೆಲ್ಲಾಗೆ ಒಂದು ಮಗುವೂ ಆಯಿತು.

ನೇರವಾಗಿ ಅವನನ್ನೇ ಕೇಳಿದರೆ ಮುಗಿಯುತ್ತಿತ್ತಲ್ಲ ಅನ್ನಬಹುದು. ಕೇಳಿದರು. ಅದೇ ತೊಂದರೆಯಾದದ್ದು. ನದಿಯ ದಂಡೆಯ ಬೆಂಚಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದವನ ಹತ್ತಿರ ಮಾರ್ಗಿತ್ ಖುದ್ದಾಗಿ ಹೋಗಿ, ಗಿಜೆಲ್ಲಾ ಅನ್ನೋದು ನಿಜವೇ ಎಂದು ವಿಚಾರಿಸಿದಳು. ವೆಂದೆಲ್ ಸುಳ್ಳು ಹೇಳುವವನಲ್ಲ. ನಿಜ ಅಂದ. ಶನಿವಾರ ಎರಡು ಗಂಟೆ ಅವರ ಜೊತೆಗೇ ಇದ್ದೆ, ಕೈ ತುಂಬ ಹಗುರ ಅಂದ. ಮತ್ತೆ ಹೋಗ್ತೀಯಾ ಎಂದಳು. ಮೂರು ತಿಂಗಳಿಗೊಮ್ಮೆಯಾದರೂ ಹೋಗಬೇಕಂತೆ, ಇಲ್ಲದಿದ್ದರೆ ಇದು ಉಳಿಯೋದಿಲ್ಲವಂತೆ ಅಂದ. ನಿಮ್ಮ ತಾಯಿಗೆ ಗೊತ್ತಾ ಎಂದಳು. ಅಮ್ಮ ಮೊದಲು ಗಾಬರಿಯಾದರು, ಈಗ ಒಗ್ಗಿಕೊಂಡಿದ್ದಾರೆ ಅಂದ. ಮಾರ್ಗಿತ್ ಇದನ್ನೆಲ್ಲ ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಎತೆಲ್ಕಾಗೆ ಒಪ್ಪಿಸಿದಳು. ಅವಳ ಜೀವನದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ.

ಸಂಜೆ ಬೋದಿಶ್ ಯೂನಿಫಾರ್ಮಿನಲ್ಲೇ ವೆಂದೆಲ್‌ನ ಮನೆಗೆ ಹೋಗಿ, ಹೊರಗಿನವರು ಯಾರಾದರೂ ಮನೆಗೆ ಬಂದು ನೆಲೆಸುವುದಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ಮಗುವಿದ್ದರೆ ಅದಕ್ಕೆ ಬೇರೆ ಅರ್ಜಿ ಎಂದು ತಾಯಿಗೆ ವಿವರಿಸಿ ಬಂದ. ತಾಯಿ ಅತ್ತರು. ಅತ್ತು ಮುಗಿದ ಮೇಲೆ ಅಟ್ಟದಿಂದ ತೊಟ್ಟಿಲು ಇಳಿಸಿದರು.

ಮಂಗಳವಾರ ಅಂಗಡಿ ತೆರೆಯಿತು. ಪರದೆಯಾಚೆ ಜಾಗವಿಲ್ಲದಷ್ಟು ಹೆಂಗಸರು. ತಲೆ ತೋರಿಸಲು ಬಂದವರು ಇಬ್ಬರೋ ಮೂವರೋ. ಎತೆಲ್ಕಾ ಬಾಚಣಿಗೆಗಳನ್ನು ಟ್ರಂಕಿಗೆ ಜೋಡಿಸುತ್ತಿದ್ದಳು. ಮೇ ತನಕ ಕಾಯುವುದಿಲ್ಲವಂತೆ, ಈ ಭಾನುವಾರವೇ ಬಾಲಾಟನ್‌ಗೆ ಹೊರಡುತ್ತಾಳಂತೆ ಎಂದು ಮಾರ್ಗಿತ್ ಪರದೆಯ ಸಂದಿಯಿಂದ ನನಗೆ ತಿಳಿಸಿದಳು.

ಹನ್ನೊಂದು ಗಂಟೆಗೆ ವೆಂದೆಲ್ ಬಂದ. ಮಧ್ಯಾಹ್ನದ ಪಾಳಿಯಂತೆ. ಸಾರ್ಜೆಂಟ್ ಹೇಳಿದ್ದನಲ್ಲ, ಬೆಳಿಗ್ಗೆಯೇ ಹೋಗಿ ಫೋಟೋ ತೆಗೆಸಿ, ಹೊಸ ಗುರುತಿನ ಪುಸ್ತಕಕ್ಕೆ ಕೊಟ್ಟೇ ಬಂದಿದ್ದ. ಲೋಕ ಮುಳುಗಿದರೂ ಅರ್ಜಿ ಸಮಯಕ್ಕೆ ಸರಿಯಾಗಿ ಹಾಕುವ ಪೈಕಿ. ಕುರ್ಚಿಯಲ್ಲಿ ಕುಸಿದು ಕೂತು, "ಅಣ್ಣ, ಎಲ್ಲಾ ತೆಗೆದುಬಿಡು. ಬುಡದಿಂದ," ಅಂದ. ಮೂರು ರಾತ್ರಿ ಕೂತೇ ನಿದ್ದೆ ಮಾಡಿದವನ ಕಣ್ಣು ಕೆಂಪಾಗಿತ್ತು. ಹಿಂದಿನ ದಿನ ಸಂಜೆ ತಾಯಿಯಿಂದಲೇ ಅವನಿಗೆ ಗಿಜೆಲ್ಲಾ ಯಾರೆಂದು ಗೊತ್ತಾಗಿತ್ತು. ನನ್ನ ಎಲ್ಲ ಸಿಟ್ಟೂ ಇಳಿದುಹೋಯಿತು. ಅಯ್ಯೋ ಪಾಪ ಅನ್ನಿಸಿತು. ಕತ್ತರಿ ಎತ್ತಿಕೊಂಡೆ.

ಆಗ ಪರದೆ ಸರಿಯಿತು. ನಾನು ಈ ಅಂಗಡಿಗೆ ಸೇರಿದಾಗಿನಿಂದ ಆ ಕಡೆಯಿಂದ ಈ ಕಡೆಗೆ ಯಾರೂ ಬಂದಿರಲಿಲ್ಲ. ಎತೆಲ್ಕಾ ಬಂದಳು, ಕೈಯಲ್ಲಿ ತಲೆ ತೊಳೆಯುವ ಬಿಳಿ ಎನಾಮಲ್ ಜಗ್ಗು.

"ಅಂಬ್ರುಶಣ್ಣ, ಕತ್ತರಿ ಕೆಳಗಿಡಿ. ಇದು ನನ್ನ ಕೆಲಸ," ಅಂದಳು. ಆಮೇಲೆ ವೆಂದೆಲ್ ಕಡೆ ತಿರುಗಿ, ಮೂರು ದಿನ ನೀರು ತಾಗಬಾರದು ಅಂತ ಹೇಳಿದ್ದಾಳಾ ಎಂದು ಕೇಳಿದಳು. ಹೌದು ಅಂದ. ಇವತ್ತಿಗೆ ಮೂರು ದಿನ ತುಂಬಿತಾ ಎಂದಳು. ಇಲ್ಲ, ಮಧ್ಯಾಹ್ನ ನಾಲ್ಕಕ್ಕೆ ತುಂಬುತ್ತದೆ ಅಂದ, ಆ ಸ್ಥಿತಿಯಲ್ಲೂ ಗಂಟೆ ಸಮೇತ.

ಎತೆಲ್ಕಾ ಜಗ್ಗು ಬಗ್ಗಿಸಿದಳು. ಈಸ್ಟರ್ ಮಂಗಳವಾರ ಹೆಂಗಸರ ಸರದಿ. ಆ ದಿನ ಯಾವ ಹೆಂಗಸು ಯಾವ ಗಂಡಸಿನ ಮೇಲೆ ಎಷ್ಟು ನೀರು ಸುರಿದರೂ ಅವನು ಚಕಾರ ಎತ್ತುವಂತಿಲ್ಲ. ಅವಳು ಕಾಯ್ದೆಬದ್ಧವಾಗಿಯೇ ಸುರಿದಳು. ಆಮೇಲೆ ನನ್ನ ಸಾಬೂನು ತೆಗೆದುಕೊಂಡು ಉಜ್ಜಿದಳು, ಮತ್ತೆ ಸುರಿದಳು, ಬಾಚಣಿಗೆಯಲ್ಲಿ ಎಳೆದಳು. ಉಜ್ಜುತ್ತ ಉಜ್ಜುತ್ತ ಹನ್ನೊಂದು ವರ್ಷ ಬಾಯಿಗೆ ತರದೇ ಇದ್ದದ್ದನ್ನೆಲ್ಲ ಬೈದಳು. ಬೈಗುಳ ಕೆಲವು ಗಂಡನಿಗೆ, ಹೆಚ್ಚಿನವು ಗಿಜೆಲ್ಲಾಗೆ, ಆದರೆ ಎಲ್ಲಾ ಬಿದ್ದದ್ದು ವೆಂದೆಲ್‌ನ ತಲೆಯ ಮೇಲೆಯೇ. ಗೋಪುರ ಸಡಿಲಾಯಿತು, ಬಾಗಿತು, ಕೊನೆಗೆ ಮಲಗಿತು. ಪರದೆಯಾಚೆ ಯಾರೋ ಯಂತ್ರದ ಸ್ವಿಚ್ಚು ಆರಿಸಿದರು, ಕೇಳಿಸಲಿ ಅಂತ.

ವೆಂದೆಲ್ ಮುಖದ ಮೇಲಿನ ನೀರು ಒರೆಸಿಕೊಂಡು ಎದ್ದು ನಿಂತ. ಕೋಟಿನ ಜೇಬಿನಿಂದ ಸೆಂಟು ಬಾಟಲಿ ತೆಗೆದ. ಸೋಮವಾರದ ಬಾಟಲಿ ಮಂಗಳವಾರ ತೆರೆದ. ಬಿರಡೆ ತೆಗೆಯುವಾಗ ಅರ್ಧ ಬಾಟಲಿ ಅವಳ ಏಪ್ರನ್ನಿನ ಮೇಲೇ ಚೆಲ್ಲಿತು.

"ಪದ್ಯ ಮರೆತುಹೋಯ್ತು," ಅಂದ. "ನೀವು ಆ ಪತ್ರಿಕೇಲಿ ಗುಂಗುರು ಚೆಂದ ಅಂದ್ರಲ್ಲ, ಅದಕ್ಕೆ ಮಾಡಿಸ್ಕೊಂಡೆ. ಅವರು ಯಾರು ಅಂತ ನನಗೆ ಗೊತ್ತಿರ್ಲಿಲ್ಲ. ನನಗೆ ಯಾವಾಗ್ಲೂ ಏನೂ ಗೊತ್ತಿರೋದಿಲ್ಲ ಎತೆಲ್ಕಾ ಅವರೇ. ನೀವು ಬಾಲಾಟನ್‌ಗೆ ಹೋಗ್ಬೇಡಿ. ನನ್ನನ್ನ ಮದುವೆಯಾಗಿ."

ಎತೆಲ್ಕಾ ಅವನನ್ನೇ ನೋಡಿದಳು. ಈ ಸಲ ತಲೆಯನ್ನಲ್ಲ, ಮುಖವನ್ನು. "ನಾನು ಚೆಂದ ಅಂದಿದ್ದು ಸುತ್ತಿದ ಕೈಯನ್ನ ಕಣ್ರೀ, ತಲೇನಲ್ಲ. ಅದು ಕಸುಬಿನ ಮಾತು," ಅಂದಳು. ಖಾಲಿ ಜಗ್ಗನ್ನು ಕೆಳಗಿಟ್ಟಳು. ಆಮೇಲೆ ಅಂಚೆ ಕಚೇರಿ ಕಿಟಕಿ ಎಷ್ಟು ಹೊತ್ತಿಗೆ ತೆಗೀತೀರಿ, ಒಂದು ಟೆಲಿಗ್ರಾಮ್ ಕಳಿಸ್ಬೇಕು ಎಂದು ಕೇಳಿದಳು.

ಒಂದೂವರೆಗೆ ಅಂದ ವೆಂದೆಲ್. ಆಮೇಲೆ, ಅಭ್ಯಾಸಬಲ ನೋಡಿ, ಯಾವ ಊರಿಗೆ ಎಂದೂ ಕೇಳಿದ.

"ಬಾಲಾಟನ್‌ಗೆ. ಬರೋದಿಲ್ಲ ಅಂತ."

ಪರದೆಯಾಚೆ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ವೆಂದೆಲ್‌ಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು, ನಾನು ಕಿವಿಯಲ್ಲಿ ಹೇಳಬೇಕಾಯಿತು.

ಜೂನ್ ತಿಂಗಳ ಎರಡನೇ ಶನಿವಾರ ಪುರಸಭೆಯಲ್ಲಿ ಮದುವೆ. ಸಾಕ್ಷಿಗಳು ಇಬ್ಬರು, ನಾನು ಮತ್ತು ಬೋದಿಶ್. ಮದುಮಗ ಮತ್ತೆ ಹಳೆಯ ಚಪ್ಪಟೆ ವೆಂದೆಲ್ ಆಗಿದ್ದ. ಹನ್ನೊಂದು ನಿಮಿಷದಲ್ಲಿ ನಾನೇ ಸಿದ್ಧ ಮಾಡಿದ್ದೆ. ನೋಂದಣಿ ಅಧಿಕಾರಿ ಗುರುತಿನ ಪುಸ್ತಕ ತೆರೆದರು. ಹೊಸ ಪುಸ್ತಕ, ಹೊಸ ಫೋಟೋ. ಅದರೊಳಗಿಂದ ಎಡಕ್ಕೆ ವಾಲಿದ ಗೋಪುರವೊಂದು ಎಲ್ಲರನ್ನೂ ನೋಡಿತು. ಅವರು ಏನೂ ಅನ್ನದೆ ಮುಂದಿನ ಪುಟಕ್ಕೆ ಹೋಗುವವರಿದ್ದರು. ಬೋದಿಶ್ ಕೆಮ್ಮಿದ. ಸ್ನೇಹಿತನಾಗಿ ತನಗೆ ಬಹಳ ಸಂತೋಷವಿದೆ, ಆದರೆ ಸಾಕ್ಷಿಯಾಗಿ ಇದು ಅದೇ ಮನುಷ್ಯ ಎಂದು ಸಹಿ ಹಾಕಲಾರೆ ಎಂದ. ನಾಳೆ ಯಾರಾದರೂ ಕೇಳಿದರೆ ಎತೆಲ್ಕಾ ಬೇರೆಯವನನ್ನು ಮದುವೆಯಾದ ಹಾಗಾಗುತ್ತದೆ ಎಂದ. ಹೊಸ ಪುಸ್ತಕಕ್ಕೆ ಎಷ್ಟು ದಿನ ಎಂದು ತಾಯಿ ಕೇಳಿದರು. ಆರು ವಾರ, ಬೇಸಿಗೆಯಾದ್ದರಿಂದ ಎಂಟು ಎಂದ.

ಎತೆಲ್ಕಾ ಪುಸ್ತಕವನ್ನು ತೆಗೆದುಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ವೆಂದೆಲ್‌ನ ತೋಳು ಹಿಡಿದು ಹೊರಟಳು. ಮದುವಣಗಿತ್ತಿಯ ಉಡುಪಿನಲ್ಲೇ ಚೌಕ ದಾಟಿ ಅಂಗಡಿಗೆ ಬಂದು, ಅವನನ್ನು ಪರದೆಯ ಆಚೆಗೆ ಎಳೆದುಕೊಂಡು ಹೋದಳು. ಕಡ್ಡಿ ಹಿಡಿದುಕೊಳ್ಳಲು ನನ್ನನ್ನೂ ಕರೆದಳು. ಹಾಗೆ ನಾನೂ ದಾಟಿದೆ. ನೋಡುವಂಥದ್ದೇನೂ ಇಲ್ಲ ಅಲ್ಲಿ, ನಮ್ಮ ಕಡೆಯಂತೆಯೇ ಒಂದು ಗೋಡೆ.

ಮೊದಲ ಎಳೆಯನ್ನು ಅವಳು ತನ್ನ ರೀತಿಯಲ್ಲಿ ಸುತ್ತಿದಳು, ಬಲಕ್ಕೆ. ಫೋಟೋ ನೋಡಿದಳು. ಬಿಚ್ಚಿದಳು. ತುಟಿ ಕಚ್ಚಿಕೊಂಡು, ಬಾಚಣಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ಎರಡು ಗಂಟೆ ಅವಳು ಒಂದೊಂದು ಎಳೆಯನ್ನೂ ಗಿಜೆಲ್ಲಾಳ ಹಾಗೆ ಸುತ್ತಿದಳು, ಎಡಕ್ಕೆ, ಅಭ್ಯಾಸವಿಲ್ಲದ ಕೈಯಲ್ಲಿ, ಬಿಳಿ ಉಡುಪಿನ ತೋಳಿನ ಮೇಲೆಲ್ಲ ಗುಂಗುರಿನ ಔಷಧ ಚೆಲ್ಲಿಕೊಂಡು. ಮದುವೆಯ ಸಾರು ಎರಡು ಸಲ ಬಿಸಿಯಾಯಿತು. ಅವಳಿಗೆ ವೆಂದೆಲ್ ಮೇಲೆ ಎಷ್ಟು ಪ್ರೀತಿಯಿದೆ ಎಂದು ಆವತ್ತು ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು, ಕಣ್ಣಲ್ಲಿ ನೀರು ಬಂತು. ಔಷಧದ ಘಾಟು ಎಂದು ಹೇಳಿಕೊಂಡ. ಮೂರೂ ಮುಕ್ಕಾಲಿಗೆ ಬೋದಿಶ್ ಫೋಟೋದ ಪಕ್ಕ ತಲೆ ಹಿಡಿದು ನೋಡಿ ಸಹಿ ಹಾಕಿದ.

ಪುಸ್ತಕದ ಅವಧಿ ಹತ್ತು ವರ್ಷ. ಇದು ಎರಡನೆಯದು. ಮೂರು ತಿಂಗಳಿಗೊಮ್ಮೆ ವೆಂದೆಲ್ ಪರದೆ ದಾಟಿ ಎತೆಲ್ಕಾಳ ಕುರ್ಚಿಯಲ್ಲಿ ಎರಡು ಗಂಟೆ ಕೂರುತ್ತಾನೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಆ ಗೋಪುರ ಕಾಣದಿದ್ದರೆ ಜನ ಈಗ ಯಾರೋ ಹೊಸಬರೆಂದು ಹಿಂಜರಿಯುತ್ತಾರೆ. ನನಗೆ ಅವನ ತಲೆ ಸಿಗುವುದಿಲ್ಲ, ಕಿವಿಯ ಅಕ್ಕಪಕ್ಕ ಮಾತ್ರ, ಅದಕ್ಕೆ ಮೂರು ನಿಮಿಷ.

ಹೋದ ವಾರ ಎತೆಲ್ಕಾಳನ್ನು ಕೇಳಿಯೇಬಿಟ್ಟೆ. ಅಲ್ಲಮ್ಮ, ಇಷ್ಟೆಲ್ಲ ಯಾಕೆ, ಒಂದು ಅರ್ಜಿ ಹಾಕಿ ಫೋಟೋ ಬದಲಾಯಿಸಿದರೆ ಮುಗಿಯಿತಲ್ಲ, ಆ ಗಿಜೆಲ್ಲಾಳ ಕೈಯನ್ನು ನೀನು ಇನ್ನೂ ಎಷ್ಟು ವರ್ಷ ನಕಲು ಮಾಡಬೇಕು ಎಂದೆ.

ಅವಳು ಕಡ್ಡಿಗಳನ್ನು ತೊಳೆಯುತ್ತಿದ್ದಳು. "ಬದಲಾಯಿಸ್ಬಹುದು ಅಂಬ್ರುಶಣ್ಣ," ಅಂದಳು. "ಆಮೇಲೆ ನಮ್ಮನೆಯವರು ನನ್ನ ಕುರ್ಚಿ ಬಿಟ್ಟು ನಿಮ್ಮ ಕಡೆಗೆ ಬಂದುಬಿಡ್ತಾರಲ್ಲ."

ಹೇಳಿ, ತೊಳೆದ ಕಡ್ಡಿಗಳನ್ನು ಒಂದೊಂದಾಗಿ ಎಡಗೈಯಲ್ಲಿ ಎತ್ತಿ ಒಣಗಲು ಜೋಡಿಸಿದಳು. ನಾನು ಪರದೆ ಎಳೆದೆ.